ಏಳರಲ್ಲಿ ಐದು ಹಾಡು ಒಸಾಕಾದ್ದು, ಬುಡೊಕಾನ್‌ದಲ್ಲ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೇ ರಾಕ್ ಆಲ್ಬಂಗಳ ಬಗ್ಗೆ ಬಂದ ಬರಹ ಓದಿದೆ. ಖುಷಿಯಾಯಿತು. ಕನ್ನಡ ಪೇಪರಿನಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ಬ್ಯಾಂಡಿನ ಹೆಸರು ನೋಡಿ ಎಷ್ಟು ವರ್ಷ ಆಗಿತ್ತೋ ಏನೋ. ಆದರೆ ಅದರಲ್ಲಿ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡಿವೆ, ಬರೆಯದೆ ಸಮಾಧಾನವಿಲ್ಲ. ಮೊದಲನೆಯದು, ಅವರ 'ಮೇಡ್ ಇನ್ ಜಪಾನ್' ಲೈವ್ ಆಲ್ಬಂ, ಅಂದರೆ ಜನರ ಮುಂದೆ ನುಡಿಸುವಾಗಲೇ ರೆಕಾರ್ಡ್ ಮಾಡಿದ ಆಲ್ಬಂ, ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ರೆಕಾರ್ಡ್ ಆದದ್ದು ಎಂದು ಬರೆದಿದ್ದೀರಿ. ಎರಡನೆಯದು, ಲೈವ್ ಆಲ್ಬಂ ಅಂದರೆ ಆಗಲೇ ಮಾರಿದ ಹಾಡುಗಳಿಗೆ ಚಪ್ಪಾಳೆ ಸೇರಿಸಿ ಮತ್ತೊಮ್ಮೆ ಮಾರುವ ವ್ಯಾಪಾರ, ಇದಕ್ಕೆ ಇಷ್ಟು ವರ್ಷ ಹೆಸರು ಉಳಿದಿರುವುದು ಬರೀ ಹಳೇ ನೆನಪಿನ ಗುಂಗಿನಿಂದ ಎಂದಿದ್ದೀರಿ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್‌ನಲ್ಲಿ, 17ರಂದು ಬುಡೊಕಾನ್‌ನಲ್ಲಿ, ಹೀಗೆ ಮೂರು ರಾತ್ರಿ ರೆಕಾರ್ಡ್ ಮಾಡಿದರು. ಆಲ್ಬಂನಲ್ಲಿರುವ ಏಳು ಹಾಡುಗಳಲ್ಲಿ 'ದಿ ಮ್ಯೂಲ್' ಮತ್ತು 'ಲೇಝಿ' ಎರಡೇ ಬುಡೊಕಾನ್‌ನವು. ಮಿಕ್ಕ ಐದೂ ಒಸಾಕಾದವು, ಅದರಲ್ಲೂ ನಾಲ್ಕು ಎರಡನೇ ರಾತ್ರಿಯವು. ಬುಡೊಕಾನ್ ಹೆಸರು ದೊಡ್ಡದು, ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಇನ್ನೊಂದು ತಮಾಷೆ ಇದೆ. ನಮಗೆಲ್ಲ ಗೊತ್ತಿರುವ ಆ ಚಿನ್ನದ ಬಣ್ಣದ ಕವರಿನಲ್ಲಿರುವ ಫೋಟೊ ಜಪಾನಿನದೇ ಅಲ್ಲ, ಲಂಡನ್ನಿನ ಸಂಗೀತ ಕಛೇರಿಯೊಂದರದು. ಆದ್ದರಿಂದ ನಿಮ್ಮ ಲೇಖಕರನ್ನು ಜಾಸ್ತಿ ಬೈಯುವಂತೆಯೂ ಇಲ್ಲ.

ಎರಡನೇ ಮಾತಿಗೇ ನಾನು ಬರೆಯಲು ಕೂತದ್ದು. (ಬ್ಯಾಂಡಿನವರನ್ನೆಲ್ಲ ಏಕವಚನದಲ್ಲಿ ಕರೆಯುತ್ತೇನೆ, ಅಭಿಮಾನಿಗೆ ಅಷ್ಟು ಸಲಿಗೆ ಇರಲಿ. ಗವಾಸ್ಕರ್ ಹೊಡೆದ ಅಂತೀವಲ್ಲ, ಹಾಗೆ.)

ಮಾರಲೆಂದು ಮಾಡಿದ ಆಲ್ಬಂ ಆಗಿದ್ದರೆ ನಿಮ್ಮ ಮಾತು ಒಪ್ಪಬಹುದಿತ್ತು. ಆದರೆ ಈ ಆಲ್ಬಂ ಮಾಡಲು ಬ್ಯಾಂಡಿನವರಿಗೆ ಮನಸ್ಸೇ ಇರಲಿಲ್ಲ. ಜಪಾನಿನ ರೆಕಾರ್ಡ್ ಕಂಪನಿಯವರು ಕೇಳಿದರು, ನಮ್ಮ ದೇಶದ ಅಭಿಮಾನಿಗಳಿಗೆ ಅಂತ ಒಂದು ಲೈವ್ ರೆಕಾರ್ಡ್ ಕೊಡಿ ಎಂದು. ಇವರು ಹಿಂದೆಮುಂದೆ ನೋಡಿ, ಒಂದೆರಡು ಷರತ್ತು ಹಾಕಿ ಒಪ್ಪಿದರು. ನಮ್ಮ ಇಂಜಿನಿಯರ್ ಮಾರ್ಟಿನ್ ಬರ್ಚ್‌ನೇ ರೆಕಾರ್ಡ್ ಮಾಡಬೇಕು, ನಮಗೆ ಒಪ್ಪಿಗೆಯಾದರೆ ಮಾತ್ರ ಹೊರಗೆ ಬರಬೇಕು, ಅದೂ ಜಪಾನಿನಲ್ಲಿ ಮಾತ್ರ. ಎಂಟು ಟ್ರ್ಯಾಕಿನ ಟೇಪು, ಅಂದರೆ ಎಂಟು ಸದ್ದುಗಳನ್ನಷ್ಟೇ ಬೇರೆಬೇರೆಯಾಗಿ ಹಿಡಿಯುವಂಥದ್ದು. ಬ್ಯಾಂಡಿನವರೇ ಹೇಳುವ ಲೆಕ್ಕದಲ್ಲಿ ಖರ್ಚು ಸುಮಾರು 3,000 ಡಾಲರ್, ಅಷ್ಟೇ. ಮುಂದೆ ಆ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡುವಾಗ ಬಂದು ಕೂತವರು ಇಬ್ಬರೇ, ಬೇಸ್ ನುಡಿಸುವ ರೋಜರ್ ಗ್ಲೋವರ್ ಮತ್ತು ಡ್ರಮ್ಸ್‌ನ ಇಯಾನ್ ಪೇಯ್ಸ್. ಹಾಡುಗಾರ ಇಯಾನ್ ಗಿಲನ್ ಆಗ ಬ್ರಾಂಕೈಟಿಸ್‌ನಿಂದ ಸುಧಾರಿಸಿಕೊಳ್ಳುತ್ತಿದ್ದವ, ತನ್ನ ಹಾಡಿಕೆ ತನಗೇ ಹಿಡಿಸಿರಲಿಲ್ಲ. ಅವನೂ ಮಿಕ್ಸಿಂಗ್ ಕಡೆ ಸುಳಿಯಲಿಲ್ಲ, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ನೂ ಸುಳಿಯಲಿಲ್ಲ.

ಇಂಥದ್ದು ಹೇಗೋ ಚೆನ್ನಾಗಿ ಬಂದುಬಿಟ್ಟಿತು. ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಜಪಾನಿಗಷ್ಟೇ ಬಿಡುವುದು ಹೇಗೆ? 1972ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಬಂತು. ಎರಡು ಎಲ್‌ಪಿ, ಬೆಲೆ ಹೆಚ್ಚುಕಮ್ಮಿ ಒಂದು ಎಲ್‌ಪಿಯದು. ಅಮೆರಿಕದ ಕಂಪನಿಗೆ ಆಗ ಇವರ ಹೊಸ ಸ್ಟುಡಿಯೊ ಆಲ್ಬಂ ಮೊದಲು ಮಾರಬೇಕಿತ್ತು, ಹಾಗಾಗಿ ಅಲ್ಲಿ 1973ರ ಏಪ್ರಿಲ್‌ವರೆಗೆ ತಡೆದಿಟ್ಟರು. ಬಂದ ಮೇಲೆ ಅಲ್ಲಿನ ಆಲ್ಬಂ ಪಟ್ಟಿಯಲ್ಲಿ ಆರನೇ ಸ್ಥಾನದವರೆಗೂ ಏರಿತು. ಚಪ್ಪಾಳೆ ಸೇರಿಸಿ ಮಾರುವ ಪ್ಲಾನ್ ಇದ್ದವರು ಹೀಗೆ ಮಾಡುತ್ತಾರಾ ಹೇಳಿ?

ಆಗಲೇ ಮಾರಿದ ಹಾಡುಗಳು ಎಂದಿರಲ್ಲ, ಅದಕ್ಕೂ ಒಂದು ಮಾತು. ಇವತ್ತು ಗಿಟಾರ್ ಕೊಂಡ ಹುಡುಗ ಮೊದಲ ವಾರ ನುಡಿಸುವುದು 'ಸ್ಮೋಕ್ ಆನ್ ದಿ ವಾಟರ್'. ಬೆಂಗಳೂರಿನ ಗಿಟಾರ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಒಂದು ಸಲವಾದರೂ ಕಿವಿಗೆ ಬೀಳುತ್ತೆ. ಆದರೆ 1972ರ ಆಗಸ್ಟ್‌ನಲ್ಲಿ ಅದು ಐದು ತಿಂಗಳ ಹಿಂದೆ ಬಂದ 'ಮೆಷಿನ್ ಹೆಡ್' ಆಲ್ಬಂನ ಒಂದು ಹಾಡು, ಅಷ್ಟೇ. ಅದಕ್ಕೂ ಹಿಂದಿನ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊನಲ್ಲಿ ಫ್ರಾಂಕ್ ಝಪ್ಪಾ ಕಛೇರಿ ನಡೆಯುವಾಗ ಯಾರೋ ಫ್ಲೇರ್ ಗನ್ ಹಾರಿಸಿ ಕಸಿನೊಗೆ ಬೆಂಕಿ ಬಿತ್ತಲ್ಲ, ಆ ಕಥೆಯ ಹಾಡು. ಅಲ್ಲೇ ರೆಕಾರ್ಡ್ ಮಾಡಬೇಕೆಂದು ಹೋದವರು ಕೊನೆಗೆ ಖಾಲಿ ಹೋಟೆಲೊಂದರ ಕಾರಿಡಾರಿನಲ್ಲಿ ಕೂತು ಆಲ್ಬಂ ಮುಗಿಸಿದರು. ಹಾಡು ಸಿಂಗಲ್ ಆಗಿ, ಅಂದರೆ ಬೇರೆಯೇ ಪುಟ್ಟ ರೆಕಾರ್ಡಾಗಿ, ಅಮೆರಿಕದಲ್ಲಿ ಹಿಟ್ ಆದದ್ದು 1973ರಲ್ಲಿ, ಆ ಸಿಂಗಲ್‌ನ ಹಿಂಬದಿಗೆ ಹಾಕಿದ್ದು ಜಪಾನಿನ ಈ ಲೈವ್ ರೂಪವನ್ನೇ. ಅಂದರೆ ಒಸಾಕಾದ ಜನ ಕೇಳುತ್ತಿರುವುದು ಇನ್ನೂ ಯಾರೂ ತಲೆಮೇಲೆ ಹೊತ್ತುಕೊಳ್ಳದ ಹಾಡು. ಬ್ಲ್ಯಾಕ್‌ಮೋರ್ ಒಬ್ಬನೇ ಆ ನಾಲ್ಕು ಸ್ವರದ ಮಟ್ಟು ಶುರು ಮಾಡುತ್ತಾನೆ, ಜನ ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು ಸೇರಿಕೊಳ್ಳುತ್ತಾರೆ. ಆ ಹಾಡು ಎಲ್ಲರ ಕಿವಿಯಲ್ಲಿ ಕೂತು ಗಟ್ಟಿಯಾಗುವ ಮುಂಚೆ ಹೇಗಿತ್ತು ಅನ್ನುವುದು ಇಲ್ಲಿ ಕೇಳಿಸುತ್ತೆ.

ಈಗ ನನ್ನ ಕಥೆ ಸ್ವಲ್ಪ. 1986. ದಾವಣಗೆರೆಯಲ್ಲಿ ಇಂಜಿನಿಯರಿಂಗ್, ಹಾಸ್ಟೆಲ್ ವಾಸ. ನನ್ನ ರೂಮ್‌ಮೇಟ್ ಬೆಂಗಳೂರಿನವನು, ಅವನ ಅಣ್ಣನ ಹತ್ತಿರ ಈ ಎಲ್‌ಪಿ ಇತ್ತು. ದಸರಾ ರಜೆಗೆ ಹೋದವನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ. ಆದರೆ ಇಳಿಸಿದ್ದು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ. ತೊಂಬತ್ತರದು ರೇಟು ಜಾಸ್ತಿ, ಮೇಲಾಗಿ ಅದರ ರೀಲು ತೆಳು, ನಮ್ಮ ಟೇಪ್ ರೆಕಾರ್ಡರಿನಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಅವನ ವಾದ. ಆಲ್ಬಂ ಇರುವುದು ಎಪ್ಪತ್ತಾರು ನಿಮಿಷ ಚಿಲ್ಲರೆ. ಹೀಗಾಗಿ ಎ ಸೈಡಿನಲ್ಲಿ 'ಹೈವೇ ಸ್ಟಾರ್', 'ಚೈಲ್ಡ್ ಇನ್ ಟೈಮ್', 'ಸ್ಮೋಕ್ ಆನ್ ದಿ ವಾಟರ್' ಪೂರ್ತಿ, ನಾಲ್ಕನೆಯದಾದ 'ದಿ ಮ್ಯೂಲ್' ಹಾಡು ಮುಗಿದು ಪೇಯ್ಸ್ ಒಬ್ಬನೇ ನುಡಿಸುವ ಡ್ರಮ್ಸ್ ಸೋಲೊ ಶುರುವಾಗುತ್ತಿದ್ದ ಹಾಗೇ ಟಕ್. ಟೇಪು ನಿಂತಿತು. ಬಿ ಸೈಡಿನಲ್ಲಿ ಎರಡು ಹಾಡು ಪೂರ್ತಿ, ಇಪ್ಪತ್ತು ನಿಮಿಷದ 'ಸ್ಪೇಸ್ ಟ್ರಕಿನ್' ಅರ್ಧಕ್ಕೆ ಟಕ್. ಸುಮಾರು ಹನ್ನೆರಡು ವರ್ಷ ನನ್ನ ಪಾಲಿಗೆ ಈ ಆಲ್ಬಂ ಅಷ್ಟೇ ಆಗಿತ್ತು. ಆ ಸೋಲೊ ಹೇಗೆ ಮುಗಿಯುತ್ತೆ ಅಂತ ಗೊತ್ತಿರಲಿಲ್ಲ. ಕೇಳುವುದಕ್ಕೆ ಇನ್ನೊಬ್ಬರೂ ಇರಲಿಲ್ಲ, ಹಾಸ್ಟೆಲಿನಲ್ಲಿ ಎಲ್ಲರ ಹತ್ತಿರ ಇದ್ದದ್ದು ಅದೇ ಕ್ಯಾಸೆಟ್ಟಿನ ಕಾಪಿ!

ಇದು ಹಳೇ ನೆನಪಿನ ಗುಂಗೇ ಅಲ್ವಾ ಅನ್ನಬಹುದು ನೀವು. ಇರಬಹುದು. ಆದರೆ ಹಾಸ್ಟೆಲ್ ನೋಡದವರಿಗೆ, ರಾಕ್ ಅಂದರೆ ಮೂಗು ಮುರಿಯುವವರಿಗೆ ಕೇಳಿಸಿದರೆ ಏನಾಗುತ್ತೆ? ಅದನ್ನೂ ನೋಡಿದ್ದೇನೆ.

ಕೆಲಸಕ್ಕೆಂದು ಧಾರವಾಡಕ್ಕೆ ಬಂದಾಗ ನಮ್ಮ ಮನೆ ಮಾಲೀಕರೊಬ್ಬರಿದ್ದರು, ಕಾಕಾ ಎಂದೇ ಕರೆಯುತ್ತಿದ್ದೆವು. ಹಿಂದೂಸ್ತಾನಿ ಬಿಟ್ಟರೆ ಬೇರೆ ಸಂಗೀತ ಅವರಿಗೆ ಸಂಗೀತವೇ ಅಲ್ಲ. ಕಛೇರಿ ಇದ್ದರೆ ಮಳೆಯಿರಲಿ ಚಳಿಯಿರಲಿ ಹೋಗಿ ಮುಂದಿನ ಸಾಲಿನಲ್ಲಿ ಕೂರುವವರು. ಒಂದು ಸಂಜೆ ಬಾಡಿಗೆ ಕೊಡಲು ಕರೆದು ಕೂರಿಸಿ, ಚಹಾ ಆಗುವವರೆಗೆ ಇದೊಂದು ಕೇಳಿ ಕಾಕಾ ಎಂದು 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಹಾಕಿದೆ. ಸ್ಟುಡಿಯೊದಲ್ಲಿ ನಾಲ್ಕು ನಿಮಿಷದ ಹಾಡು ಅದು, ಇಲ್ಲಿ ಹತ್ತು ನಿಮಿಷ. ನಡುವೆ ಎಲ್ಲರೂ ನಿಲ್ಲಿಸುತ್ತಾರೆ. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಚೂರು ನುಡಿಸುತ್ತಾನೆ, ಗಿಲನ್ ಅದನ್ನೇ ಗಂಟಲಲ್ಲಿ ತೆಗೆಯುತ್ತಾನೆ. ಇನ್ನೊಂದು ಚೂರು, ಸ್ವಲ್ಪ ಮೇಲೆ. ಗಿಲನ್ ಅಲ್ಲಿಗೂ ಹೋಗುತ್ತಾನೆ. ಹೀಗೇ ಮೇಲೆ, ಇನ್ನೂ ಮೇಲೆ. ಕೊನೆಗೆ ಗಿಲನ್ ಒಂದು ಕೂಗು ಹಾಕುತ್ತಾನೆ ನೋಡಿ, ಅದು ಮನುಷ್ಯನ ಗಂಟಲೋ ಗಿಟಾರಿನ ತಂತಿಯೋ ಒಂದು ಕ್ಷಣ ಗೊತ್ತಾಗುವುದಿಲ್ಲ. ಕಾಕಾ ಮೊದಲೈದು ನಿಮಿಷ ಮುಖ ಹಿಂಡಿಕೊಂಡೇ ಕೂತಿದ್ದರು. ಈ ಜಾಗ ಬಂದಾಗ ಕಪ್ಪು ಕೆಳಗಿಟ್ಟರು. ಮುಗಿದ ಮೇಲೆ ಹೇಳಿದ್ದು ಇಷ್ಟು: "ಸವಾಲ್ ಜವಾಬ್ ಛಲೋ ಐತಿ. ಆದ್ರ ತಮ್ಮಾ, ನಮ್ಮಲ್ಲಿ ಸಾಥ್ ಕೊಡಾಂವ ಹಾಡಾಂವನ ಹಿಂದ ಬರ್ತಾನ. ಇಲ್ಲಿ ಜಗಳಕ್ಕ ನಿಂತಾನ."

ಕಾಕಾಗೆ ಇವರ ಚರಿತ್ರೆ ಒಂದು ಅಕ್ಷರ ಗೊತ್ತಿರಲಿಲ್ಲ. ಆದರೆ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದರು. ಗಿಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಆಗುತ್ತಲೇ ಇರಲಿಲ್ಲ. ಈ ಆಲ್ಬಂ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಅದೇ ಡಿಸೆಂಬರ್‌ನಲ್ಲಿ ಗಿಲನ್ ರಾಜೀನಾಮೆ ಪತ್ರ ಬರೆದು ಕೊಟ್ಟಿದ್ದ. ಒಪ್ಪಿಕೊಂಡ ಕಛೇರಿಗಳೆಲ್ಲ ಮುಗಿಯುವವರೆಗೆ ಇದ್ದು, 1973ರ ಜೂನ್ 29ರಂದು ಹೊರಬಿದ್ದ. ಗ್ಲೋವರ್‌ನೂ ಅವತ್ತೇ ಹೋದ. ಆ ಕೊನೇ ಕಛೇರಿ ಎಲ್ಲಿ ನಡೆಯಿತು ಗೊತ್ತಾ? ಅದೇ ಒಸಾಕಾದಲ್ಲಿ. ಈ ಆಲ್ಬಂ ರೆಕಾರ್ಡ್ ಆಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಲೈವ್ ಆಲ್ಬಂ ಮೋಸ ಅನ್ನುವ ನಿಮ್ಮ ಅನುಮಾನ ಪೂರ್ತಿ ತಪ್ಪು ಎನ್ನಲಾರೆ. ಕಿಸ್ ಬ್ಯಾಂಡಿನ 1975ರ 'ಅಲೈವ್' ತೆಗೆದುಕೊಳ್ಳಿ, ಅದನ್ನು ಆಮೇಲೆ ಸ್ಟುಡಿಯೊದಲ್ಲಿ ತಿದ್ದಿದ್ದು ಅವರೇ ಒಪ್ಪಿಕೊಂಡ ವಿಷಯ. ಥಿನ್ ಲಿಝಿಯ 1978ರ 'ಲೈವ್ ಅಂಡ್ ಡೇಂಜರಸ್' ಬಗ್ಗೆಯಂತೂ, ಎಷ್ಟು ಪಾಲು ನಿಜವಾದ ಕಛೇರಿ, ಎಷ್ಟು ಆಮೇಲೆ ಸೇರಿಸಿದ್ದು ಅಂತ ಅದರ ನಿರ್ಮಾಪಕನಿಗೂ ಬ್ಯಾಂಡಿನವರಿಗೂ ಜಗಳ. ಅವು ಕೆಟ್ಟ ಆಲ್ಬಂಗಳಲ್ಲ, ನಾನೂ ಕೇಳುತ್ತೇನೆ. 'ಮೇಡ್ ಇನ್ ಜಪಾನ್'ಗೆ ಏನೂ ಸೇರಿಸಿಲ್ಲ ಅಂತ ಡೀಪ್ ಪರ್ಪಲ್‌ನವರು ಹೇಳುತ್ತಾ ಬಂದಿದ್ದಾರೆ. ಇದನ್ನು ಸುಮ್ನೆ ನಂಬಬೇಕಾಗಿಲ್ಲ. 1993ರಲ್ಲಿ ಆ ಮೂರು ರಾತ್ರಿಯ ಕಛೇರಿಗಳನ್ನು ಹೆಚ್ಚುಕಮ್ಮಿ ಪೂರ್ತಿಯಾಗಿ ಮೂರು ಸಿಡಿಯಲ್ಲಿ ಹೊರತಂದರು. ಪಕ್ಕಪಕ್ಕ ಇಟ್ಟು ಕೇಳಬಹುದು. ಒಂದೇ ಹಾಡು ಮೂರು ರಾತ್ರಿ ಮೂರು ಥರ. ಇವತ್ತು ಇಲ್ಲಿ ಲಂಬಿಸಿದ್ದನ್ನು ನಾಳೆ ಎರಡೇ ಸುತ್ತಿಗೆ ಮುಗಿಸುತ್ತಾರೆ. ಒಬ್ಬ ದಾರಿ ತಪ್ಪಿದರೆ ಇನ್ನೊಬ್ಬ ಅಲ್ಲಿಗೇ ಹೋಗಿ ಕರೆದುಕೊಂಡು ಬರುತ್ತಾನೆ.

ಈ ಬ್ಯಾಂಡಿನ ಹೆಸರು ಬಂದಾಗಲೆಲ್ಲ ಜನ ಸೌಂಡಿನ ಮಾತು ತೆಗೆಯುತ್ತಾರೆ. ನಿಮ್ಮ ಬರಹದಲ್ಲೂ ಇತ್ತು. ಹೌದು, 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಅಳೆದರು, ಮೂವರು ಪ್ರಜ್ಞೆ ತಪ್ಪಿದರು, ಗಿನ್ನೆಸ್ ಪುಸ್ತಕದಲ್ಲಿ ಜಗತ್ತಿನ ಅತಿ ಗದ್ದಲದ ಬ್ಯಾಂಡ್ ಅಂತ ಹಾಕಿದರು. ಈ ಆಲ್ಬಂನಲ್ಲೇ ಎರಡು ಹಾಡಿನ ನಡುವೆ, ಎಲ್ಲವೂ ಎಲ್ಲಕ್ಕಿಂತ ಜೋರಾಗಿ ಕೇಳಬೇಕು ಅಂತ ಸೌಂಡಿನವನಿಗೆ ಮೈಕಿನಲ್ಲೇ ಹೇಳುವುದು ಕೇಳಿಸುತ್ತೆ. ತಮಾಷೆಗೆ ಹೇಳಿದ್ದು, ಆಮೇಲೆ ಅದೇ ಗಾದೆಯಂತಾಗಿಬಿಟ್ಟಿತು.

ಆದರೆ ಈ ಆಲ್ಬಂನ ಜೀವ ಇರುವುದು ಸದ್ದು ಕಡಿಮೆಯಾಗುವ ಜಾಗಗಳಲ್ಲಿ. 'ಚೈಲ್ಡ್ ಇನ್ ಟೈಮ್' ಶುರುವಾಗುವುದನ್ನು ಗಮನಿಸಿ. ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ ಒಂದೇ. ಚರ್ಚಿನಲ್ಲಿ ಯಾರೋ ಒಬ್ಬರೇ ಕೂತು ನುಡಿಸಿದ ಹಾಗೆ. ಪೇಯ್ಸ್ ತಾಳವನ್ನು ಮುಟ್ಟಿದರೂ ಮುಟ್ಟದ ಹಾಗೆ. ಅಷ್ಟು ಜನ ಇರುವ ಹಾಲು, ಒಂದು ಕೆಮ್ಮೂ ಇಲ್ಲ. ಆಮೇಲೆ ಗಿಲನ್‌ನ ದನಿ, ಮೊದಲು ಪಿಸುಮಾತು, ಆಮೇಲೆ ಮಾತಿಲ್ಲದ ಆಲಾಪ, ಆಮೇಲೆ ಅದೇ ಆಲಾಪ ಒಂದು ಸ್ಥಾಯಿ ಮೇಲೆ, ಕೊನೆಗೆ ಬರೀ ಕಿರುಚಾಟ. ಬ್ರಾಂಕೈಟಿಸ್ ಆದವನು ಹಾಡಿದ್ದು ಇದು! ಹನ್ನೆರಡು ನಿಮಿಷದ ಹಾಡಿನಲ್ಲಿ ಎರಡು ಸಲ ನೆಲದಿಂದ ಅಟ್ಟಕ್ಕೆ ಹತ್ತಿಸುತ್ತಾರೆ, ಏಣಿಯ ಒಂದು ಮೆಟ್ಟಿಲೂ ಬಿಡದೆ. ವಯಸ್ಸಾದ ಮೇಲೆ ಗಿಲನ್ ಈ ಹಾಡನ್ನು ಕಛೇರಿಯಲ್ಲಿ ಹಾಡುವುದನ್ನೇ ಬಿಟ್ಟ. ಒಳ್ಳೇ ಕೆಲಸ ಮಾಡಿದ ಅನಿಸುತ್ತೆ ನನಗೆ. ಹಾಡಲಾಗದ್ದನ್ನು ಟೇಪಿಗೆ ತುಟಿ ಆಡಿಸಿ ಹಾಡಿದ ಹಾಗೆ ತೋರಿಸುವವರನ್ನು ನಾವು ನೋಡಿಲ್ಲವೇ?

ಅಂದ ಹಾಗೆ, ಇದೇ ಹಾಡಿನ ಆರ್ಗನ್ ಮಟ್ಟು ಇವರದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ 'ಇಟ್ಸ್ ಎ ಬ್ಯೂಟಿಫುಲ್ ಡೇ' ಎನ್ನುವ ಬ್ಯಾಂಡಿನ 1969ರ ತುಣುಕೊಂದರಿಂದ ಎತ್ತಿಕೊಂಡದ್ದು, ಗಿಲನ್‌ನೇ ಒಪ್ಪಿಕೊಂಡಿದ್ದಾನೆ. ಆ ತುಣುಕಿನ ಹೆಸರು 'ಬಾಂಬೆ ಕಾಲಿಂಗ್'. ಬಾಂಬೆ ಕರೆದದ್ದು ಇಂಗ್ಲೆಂಡಿನವರಿಗೆ ಕೇಳಿಸಿ ಒಸಾಕಾದಲ್ಲಿ ಹಾಡಿ, ಸುತ್ತಿ ಬಳಸಿ ದಾವಣಗೆರೆ ಹಾಸ್ಟೆಲಿಗೆ ಬಂತು ಅನ್ನಿ.

ಕೊರತೆ ಇಲ್ಲವೇ? ಇದೆ. 'ಸ್ಪೇಸ್ ಟ್ರಕಿನ್' ಸ್ಟುಡಿಯೊದಲ್ಲಿ ನಾಲ್ಕೂವರೆ ನಿಮಿಷದ ಹಾಡು, ಇಲ್ಲಿ ಎಲ್‌ಪಿಯ ನಾಲ್ಕನೇ ಬದಿ ಪೂರ್ತಿ ಅದೇ. ಅದರಲ್ಲಿ ಎಂಟು ನಿಮಿಷವಾದರೂ ಕಡಿಮೆ ಮಾಡಬಹುದಿತ್ತು. ಲಾರ್ಡ್ ಆರ್ಗನ್ನಿಗೆ ಸದ್ದನ್ನು ತಿರುಚುವ ರಿಂಗ್ ಮಾಡ್ಯುಲೇಟರ್ ಸಿಕ್ಕಿಸಿ ಏನೇನೋ ಸದ್ದು ಹೊರಡಿಸುತ್ತಾನೆ. ನಾನು ಕೊನೆಗೂ ಸಿಡಿ ಕೊಂಡು ತಂದು, ಹನ್ನೆರಡು ವರ್ಷ ಕಾದ ಆ ಉಳಿದರ್ಧವನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿ ಕಣ್ಣು ಮುಚ್ಚಿ ಕೂತಿದ್ದರೆ ನಮ್ಮಾಕೆ ಅಡುಗೆಮನೆಯಿಂದ ಓಡಿಬಂದು, "ಏನ್ರೀ ಅದು, ಮಿಕ್ಸಿ ಸುಟ್ಟುಹೋಯ್ತು ಅಂದ್ಕೊಂಡೆ" ಎಂದಳು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ, ಅದು ಸುಟ್ಟ ಮಿಕ್ಸಿಯ ಥರವೇ ಇತ್ತು.

ಇನ್ನೊಂದು ದೂರು ಕಂಪನಿಗಳ ಮೇಲೆ. ಬ್ಯಾಂಡ್ ಜಪಾನಿಗಷ್ಟೇ ಸಾಕು ಅಂದಿದ್ದನ್ನು ಈಗ ಎಷ್ಟು ಸಲ ಹೊಸ ಡಬ್ಬಿಯಲ್ಲಿ ಹಾಕಿ ಮಾರಿದ್ದಾರೋ ಲೆಕ್ಕವಿಲ್ಲ. 1998ರಲ್ಲಿ, ಆ ಕಛೇರಿಗಳ ಕೊನೆಗೆ ನುಡಿಸಿದ ಮೂರು ಹಾಡು ಸೇರಿಸಿ ಒಂದು, 2014ರಲ್ಲಿ ದೊಡ್ಡ ಪೆಟ್ಟಿಗೆ ಒಂದು. ಈ ವಿಷಯದಲ್ಲಿ ನಿಮ್ಮ ಲೇಖಕರ ವ್ಯಾಪಾರದ ಮಾತು ಒಪ್ಪುತ್ತೇನೆ. ಆದರೆ ಕೊಳ್ಳುವವರು ಇದ್ದಾರಲ್ಲ. 2012ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಓದುಗರನ್ನು ಕೇಳಿದಾಗ ಸಾರ್ವಕಾಲಿಕ ಲೈವ್ ಆಲ್ಬಂಗಳಲ್ಲಿ ಇದಕ್ಕೆ ಆರನೇ ಸ್ಥಾನ ಕೊಟ್ಟರು, ಬಂದು ನಲವತ್ತು ವರ್ಷ ಆದಮೇಲೆ. ಅದೇ ವರ್ಷದ ಜುಲೈನಲ್ಲಿ ಲಾರ್ಡ್ ತೀರಿಕೊಂಡ. 2020ರಲ್ಲಿ ಮಾರ್ಟಿನ್ ಬರ್ಚ್‌ನೂ ಹೋದ. ಬರ್ಚ್ ಹೆಸರು ನಿಮ್ಮ ಬರಹದಲ್ಲಿ ಬರಲೇ ಇಲ್ಲ, ಅದೊಂದು ಬೇಜಾರು. ಮುಂದೆ ಐರನ್ ಮೇಡನ್ ಬ್ಯಾಂಡಿನ ಎಷ್ಟೋ ಆಲ್ಬಂ ಮಾಡಿದವನು ಅವನೇ. ಜಪಾನಿನ ಆ ಮೂರು ರಾತ್ರಿ ಎಂಟೇ ಎಂಟು ಟ್ರ್ಯಾಕಿನಲ್ಲಿ ಐದು ಜನರ ಸದ್ದನ್ನು ಬೇರೆಬೇರೆ ನಿಲ್ಲಿಸಿದ. ಹೆಡ್‌ಫೋನ್ ಹಾಕಿಕೊಂಡರೆ ಗಿಟಾರ್ ಒಂದು ಕಿವಿಯಲ್ಲಿ, ಆರ್ಗನ್ ಇನ್ನೊಂದರಲ್ಲಿ, ನಡುವೆ ನಾವು ಸ್ಟೇಜಿನ ಮೇಲೇ ಕೂತ ಹಾಗೆ. ಜನರ ಚಪ್ಪಾಳೆಯನ್ನು ಆದಷ್ಟು ಹಿಂದೆ ಇಟ್ಟಿದ್ದಾರೆ. ಚಪ್ಪಾಳೆ ಸೇರಿಸಿ ಮಾರಿದ ಆಲ್ಬಂ ಅಂದಿರಲ್ಲ, ಒಂದು ಸಲ ಕೇಳಿ ನೋಡಿ, ಚಪ್ಪಾಳೆ ಎಷ್ಟು ಕಡಿಮೆ ಅಂತ.

ಬುಡೊಕಾನ್ ವಿಷಯದ ತಿದ್ದುಪಡಿ ಒಂದು ಸಾಲು ಹಾಕಿದರೆ ಸಾಕು. ಉಳಿದದ್ದಕ್ಕೆ ಜಾಗ ಇಲ್ಲದಿದ್ದರೆ ಕತ್ತರಿಸಿ, ಬೇಜಾರಿಲ್ಲ, ಅರ್ಧಕ್ಕೆ ಕತ್ತರಿಸಿದ್ದನ್ನು ಕೇಳಿ ಅಭ್ಯಾಸವಿದೆ. ಈಗ ಮೊಬೈಲಿನಲ್ಲೇ ಪೂರ್ತಿ ಆಲ್ಬಂ ಇದೆ, ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೇಳುತ್ತೇನೆ. 'ದಿ ಮ್ಯೂಲ್' ಬಂದು ಪೇಯ್ಸ್ ಸೋಲೊ ಶುರುಮಾಡಿದ ಹತ್ತಿಪ್ಪತ್ತು ಸೆಕೆಂಡಿಗೆ ಇವತ್ತಿಗೂ ನನ್ನ ಹೆಜ್ಜೆ ನಿಧಾನವಾಗುತ್ತೆ. ಆ ಟಕ್ ಈಗ ಬರುತ್ತೆ ಅಂತ.

ಇಂತಿ,
ನಿಮ್ಮ ಹಳೇ ಓದುಗ,
ಧಾರವಾಡ